ನಡುಮನೆಯ ಯೋಗಶಾಲೆ

1938ರಲ್ಲಿ ಮೈಸೂರಿನಲ್ಲಿ ತೆಗೆದ ಒಂದು ಕಪ್ಪುಬಿಳುಪಿನ ಚಲನಚಿತ್ರ ಇಂದಿಗೂ ಉಳಿದುಬಂದಿದೆ. ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರೂ ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ ಅವರೂ ಅದರಲ್ಲಿ ಪ್ರದರ್ಶಿಸುವ ದುಸ್ಸಾಧ್ಯವಾದ ಆಸನಗಳನ್ನು ಕಂಡು ವಿಸ್ಮಯಗೊಳ್ಳುವವರು ಬಹುಮಂದಿ. ಆದರೆ ನನ್ನ ಕಣ್ಣು ಪ್ರತಿಸಲವೂ ಹೋಗಿ ನಿಲ್ಲುವುದು ಅದೇ ಚಿತ್ರದಲ್ಲಿ ಕಾಣಿಸಿಕೊಳ್ಳುವ ಆಚಾರ್ಯರ ಪತ್ನಿ ನಾಮಗಿರಿಯಮ್ಮನವರ ಮೇಲೆ ಮತ್ತು ಅವರ ಪುಟ್ಟ ಮಕ್ಕಳ ಮೇಲೆ. ಮನೆವಾರ್ತೆಯ ಭಾರವನ್ನು ಹೊತ್ತ ಗೃಹಿಣಿಯೊಬ್ಬರು ಸಂಕೋಚವಿಲ್ಲದೆ, ಆಡಂಬರವಿಲ್ಲದೆ, ತಮ್ಮ ದೇಹವನ್ನು ಬಾಗಿಸಿ ನಿಲ್ಲಿಸಿ ಉಸಿರನ್ನು ವಶಕ್ಕೆ ತಂದುಕೊಳ್ಳುತ್ತಿರುವ ಆ ದೃಶ್ಯವು, ಯೋಗವೆಂಬ ವಿದ್ಯೆ ನಮ್ಮ ಕಾಲದಲ್ಲಿ ಯಾರ ಮನೆಯ ಬಾಗಿಲಿಗೆ ಬಂದು ನಿಂತಿತೆಂಬುದನ್ನು ಯಾವ ಉಪನ್ಯಾಸಕ್ಕಿಂತಲೂ ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಯೋಗವೆಂದೊಡನೆ ನಮ್ಮ ಜನರ ಮನಸ್ಸಿನಲ್ಲಿ ಎರಡು ಚಿತ್ರಗಳು ಮೂಡುತ್ತಿದ್ದುವು. ಒಂದು, ಸಂಸಾರವನ್ನು ತೊರೆದು ಗುಹೆಯಲ್ಲಿ ಕುಳಿತ ಜಟಾಧಾರಿಯದು. ಇನ್ನೊಂದು, ಗರಡಿಯ ಪೈಲ್ವಾನನಂತೆ ಮೈಯನ್ನು ಹುರಿಗಟ್ಟಿಸಿಕೊಂಡ ತರುಣನದು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ಹೆಂಗಸಿಗಾಗಲಿ, ಬೆನ್ನಿನ ಮೇಲೆ ಪುಸ್ತಕದ ಚೀಲ ಹೊತ್ತು ಶಾಲೆಗೆ ಓಡುವ ಮಗುವಿಗಾಗಲಿ ಆ ಎರಡರಲ್ಲಿಯೂ ಎಡೆಯಿರಲಿಲ್ಲ. ಹಳೆಯ ಗ್ರಂಥಗಳು ಮಾತ್ರ ಅಷ್ಟು ಸಂಕುಚಿತವಾಗಿ ನುಡಿದಿಲ್ಲ. ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯು ವರ್ಣಿಸುವ ಆಸನಗಳು ಕೇವಲ 15. ತರುಣನಾಗಲಿ ವೃದ್ಧನಾಗಲಿ, ರೋಗಿಯಾಗಲಿ ದುರ್ಬಲನಾಗಲಿ, ಆಲಸ್ಯವನ್ನು ಬಿಟ್ಟು ಅಭ್ಯಾಸ ಮಾಡಿದವನಿಗೆ ಸಿದ್ಧಿಯುಂಟೆಂದು ಆತನು ಹೇಳುತ್ತಾನೆ. ಅಭ್ಯಾಸದಲ್ಲಿ ನಿಷ್ಠೆಯೊಂದನ್ನು ಬಿಟ್ಟರೆ ಆತನು ಕೇಳುವ ಅರ್ಹತೆ ಬೇರೊಂದಿಲ್ಲ.

ಈ ವಿದ್ಯೆ ಸಾಮಾನ್ಯರ ಬಳಿಗೆ ಬಂದುದರಲ್ಲಿ ಮೈಸೂರಿನ ಪಾತ್ರ ಹಿರಿದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯೊಂದು ತೆರೆಯಿತು. ಚಿತ್ರದುರ್ಗದ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ಕೃಷ್ಣಮಾಚಾರ್ಯರು ಅದರ ಆಚಾರ್ಯರಾದರು. ಮರುವರ್ಷವೇ ಅವರ ‘ಯೋಗಮಕರಂದ’ ಕನ್ನಡದಲ್ಲಿ ಹೊರಬಂದಿತು. ರೀಗಾ ನಗರದಲ್ಲಿ ಹುಟ್ಟಿದ ಯೂರೋಪಿನ ಮಹಿಳೆಯೊಬ್ಬರು 1937ರಲ್ಲಿ ಶಿಷ್ಯತ್ವವನ್ನು ಬೇಡಿ ಬಂದಾಗ ಆಚಾರ್ಯರು ಮೊದಲು ಒಪ್ಪಲಿಲ್ಲ. ಮಹಾರಾಜರು ಹೇಳಿದ ಮೇಲೆ ಒಪ್ಪಿದರು. ಒಪ್ಪಿದ ಮೇಲೆ ಕಟ್ಟುನಿಟ್ಟಾದ ನಿಯಮಗಳನ್ನು ವಿಧಿಸಿ ನಿಷ್ಠೆಯಿಂದಲೇ ಕಲಿಸಿದರು. ಇಂದ್ರಾದೇವಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಆಕೆ ಮುಂದೆ ಶಾಂಘೈಯಲ್ಲಿಯೂ ಅಮೆರಿಕದಲ್ಲಿಯೂ ಯೋಗಶಾಲೆಗಳನ್ನು ತೆರೆದು, ನೂರು ವರ್ಷಗಳನ್ನು ದಾಟಿ ಬಾಳಿ, 2002ರಲ್ಲಿ ಅರ್ಜೆಂಟೀನಾದಲ್ಲಿ ಕಣ್ಣುಮುಚ್ಚಿದರು.

ಆದರೆ ನನ್ನ ಮನಸ್ಸಿಗೆ ಇದಕ್ಕಿಂತಲೂ ಹತ್ತಿರವಾದ ಕಥೆ ನಾಮಗಿರಿಯಮ್ಮನವರ ತಮ್ಮನದು. 1918ರ ಡಿಸೆಂಬರಿನಲ್ಲಿ, ಇನ್‌ಫ್ಲುಯೆಂಜಾ ಮಾರಿ ದೇಶವನ್ನೆಲ್ಲ ಸುತ್ತುತ್ತಿದ್ದ ದಿನಗಳಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಆ ಕೂಸು ಹುಟ್ಟಿನಿಂದಲೇ ಬಡಕಲು. ಮಲೇರಿಯಾ, ವಿಷಮಶೀತಜ್ವರ, ಕ್ಷಯ ಇವು ಒಂದಾದ ಮೇಲೊಂದು ಆ ಪುಟ್ಟ ದೇಹವನ್ನು ಹಿಂಡಿಹಾಕಿದುವು. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯೂ ತೀರಿಕೊಂಡರು. 1934ರಲ್ಲಿ ಹದಿನೈದರ ಹುಡುಗನಾಗಿ ಅವನು ಮೈಸೂರಿಗೆ ಅಕ್ಕಭಾವನ ಮನೆಗೆ ಬಂದಾಗ, ಇವನು ಲೋಕಕ್ಕೆ ಯೋಗವನ್ನು ಕಲಿಸುವನೆಂದು ಯಾರೂ ಎಣಿಸಿರಲಾರರು. ಎರಡು ವರ್ಷಗಳ ತರುವಾಯ ಆಚಾರ್ಯರು ಶಿಷ್ಯರೊಡನೆ ಉತ್ತರ ಕರ್ನಾಟಕದಲ್ಲಿ ಸಂಚಾರ ಕೈಗೊಂಡಾಗ ಧಾರವಾಡದ ಕೆಲವು ಸ್ತ್ರೀಯರು ತಮಗೂ ಯೋಗ ಕಲಿಸಬೇಕೆಂದು ಕೇಳಿದರು. ಹೆಂಗಸರಿಗೆ ಕಲಿಸಲು ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನಾದ ಈ ಹುಡುಗನನ್ನೇ ನಿಯಮಿಸಿದರು. ಹೀಗೆ, ಲೋಕಪ್ರಸಿದ್ಧರಾದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಅಧ್ಯಾಪನವು ಆರಂಭವಾದುದು ಧಾರವಾಡದ ತಾಯಂದಿರ ಮುಂದೆ. ರೋಗದಿಂದ ಬಳಲಿದ ಬಾಲಕನೊಬ್ಬನು ಸ್ತ್ರೀಯರಿಗೆ ಗುರುವಾದನೆಂಬ ಈ ಪ್ರಸಂಗವು ಯೋಗವನ್ನು ಬಲಿಷ್ಠರ ಸ್ವತ್ತೆಂದು ಬಗೆದವರೆಲ್ಲರೂ ನೆನೆಯತಕ್ಕುದು.

ಆ ಪರಂಪರೆಯವರು ಒತ್ತಿ ಹೇಳಿದ ಮಾತೊಂದುಂಟು: ಅಭ್ಯಾಸವನ್ನು ಅಭ್ಯಾಸಿಗೆ ಒಗ್ಗಿಸಬೇಕಲ್ಲದೆ ಅಭ್ಯಾಸಿಯನ್ನು ಅಭ್ಯಾಸದ ಅಚ್ಚಿನಲ್ಲಿ ಒತ್ತಬಾರದು. ನಮ್ಮ ಹೆಂಗಸರ ಅಡುಗೆಮನೆಯ ಭಾಷೆಯಲ್ಲಿ ಇದಕ್ಕೆ ಒಂದೇ ಪದ ಸಾಕು: ಹದ. ಕಣಕಕ್ಕೊಂದು ಹದ, ಪಾಕಕ್ಕೊಂದು ಹದ, ದೋಸೆಯ ಹಿಟ್ಟಿಗೆ ಬೇಸಗೆಯಲ್ಲೊಂದು ಚಳಿಗಾಲದಲ್ಲೊಂದು ಹದ. ಸ್ತ್ರೀಯ ದೇಹಕ್ಕೂ ತನ್ನವೇ ಆದ ಋತುಗಳಿವೆಯಾದಕಾರಣ ಅವಳ ಯೋಗಾಭ್ಯಾಸದಲ್ಲಿ ಈ ಹದವರಿತ ವಿವೇಕವೇ ಮುಖ್ಯವಾದುದು.

ಮುಟ್ಟಿನ ದಿನಗಳನ್ನೇ ನೋಡಿ. ಶೀರ್ಷಾಸನ, ಸರ್ವಾಂಗಾಸನ ಮೊದಲಾದ ತಲೆಕೆಳಗಾಗುವ ಆಸನಗಳನ್ನೂ ಹೊಟ್ಟೆಯನ್ನು ಬಿಗಿಯುವ ಆಸನಗಳನ್ನೂ ಆಗ ನಿಲ್ಲಿಸಬೇಕೆಂದು ಈ ಪರಂಪರೆಯ ಗುರುಗಳು ವಿಧಿಸುತ್ತಾರೆ. ಬೆನ್ನಿನ ಕೆಳಗೆ ದಿಂಬನ್ನಿಟ್ಟು, ಅಂಗಾಲುಗಳೆರಡನ್ನೂ ಕೂಡಿಸಿ, ಮಂಡಿಗಳನ್ನು ಎರಡು ಬದಿಗೂ ಸಡಿಲಬಿಟ್ಟು ಅಂಗಾತ ಮಲಗುವ ಸುಪ್ತಬದ್ಧಕೋಣಾಸನವು ಕಿಬ್ಬೊಟ್ಟೆಯ ಬಿಗಿತವನ್ನು ಸಡಿಲಿಸುತ್ತದೆ. ಹಿಂಡುವ ನೋವಿನಲ್ಲಿ ಮುದುಡಿಕೊಂಡ ದೇಹಕ್ಕೆ ಅದು ಹರವಾದ ಅಂಗಳವೊಂದನ್ನು ಕೊಟ್ಟಂತೆ. ನೋವನ್ನು ಹಲ್ಲುಕಚ್ಚಿ ಸಹಿಸುವುದೇ ಹೆಣ್ಣಿನ ಧರ್ಮವೆಂದು ತಲೆತಲಾಂತರದಿಂದ ಕಲಿಸಿಬಂದ ಸಮಾಜದಲ್ಲಿ, ನೋವಿನ ದಿನ ಹೀಗೆ ಮಲಗು, ಹೀಗೆ ಉಸಿರಾಡು ಎಂದು ಶಾಸ್ತ್ರಬದ್ಧವಾಗಿ ಹೇಳುವ ಒಂದು ವಿದ್ಯೆ ಇದೆಯೆಂಬುದೇ ನನಗೆ ದೊಡ್ಡ ಸಮಾಧಾನ. ಅಯ್ಯಂಗಾರ್ ಅವರ ಮಗಳು ಗೀತಾ ಅಯ್ಯಂಗಾರ್ ಅವರು ಬಾಲ್ಯದಲ್ಲಿಯೇ ಮೂತ್ರಪಿಂಡದ ತೀವ್ರ ವ್ಯಾಧಿಯಿಂದ ನರಳಿ ತಂದೆಯ ಬಳಿ ಯೋಗವನ್ನು ಕಲಿತು, ಸ್ತ್ರೀಯರಿಗಾಗಿಯೇ ವಿಸ್ತಾರವಾದ ಗ್ರಂಥವೊಂದನ್ನು ಬರೆದರು. ಮುಟ್ಟು, ಬಸಿರು, ಬಾಣಂತನ, ಮುಟ್ಟು ನಿಲ್ಲುವ ಕಾಲ ಇವೆಲ್ಲವೂ ಅವರ ಬೋಧನೆಯಲ್ಲಿ ಪಿಸುಮಾತಿನ ಗುಟ್ಟುಗಳಾಗಿರದೆ ಅಧ್ಯಯನದ ವಿಷಯಗಳಾದುವು.

ಬಸುರಿಯಾದವಳು ಬೋರಲು ಮಲಗುವ ಆಸನಗಳನ್ನೂ ಹೊಟ್ಟೆಯನ್ನು ಹಿಂಡುವ ತಿರುಚುಗಳನ್ನೂ ಉಸಿರು ಕಟ್ಟುವ ಕುಂಭಕವನ್ನೂ ಬಿಡಬೇಕು. ಗೋಡೆಯ ಆಸರೆಯಲ್ಲಿ ಬೆನ್ನನ್ನು ನೆಟ್ಟಗಿರಿಸಿ ಬದ್ಧಕೋಣಾಸನದಲ್ಲಿ ಕೂರುವುದು, ಬೆಕ್ಕಿನಂತೆ ಮಂಡಿಯೂರಿ ಬೆನ್ನನ್ನು ಮೆಲ್ಲಗೆ ಏರಿಳಿಸುವುದು ಇವು ಭಾರ ಹೊತ್ತ ಸೊಂಟಕ್ಕೆ ಹಿತವಾದುವು. ವೈದ್ಯರ ಒಪ್ಪಿಗೆಯೂ ಅನುಭವವುಳ್ಳ ಶಿಕ್ಷಕಿಯ ಕಣ್ಗಾವಲೂ ಇಲ್ಲದೆ, ಎಲ್ಲೋ ನೋಡಿದ್ದನ್ನು ನಂಬಿ ಈ ಕಾಲದಲ್ಲಿ ಹೊಸದಾಗಿ ಏನನ್ನೂ ತೊಡಗಬಾರದು. ಬಾಣಂತಿಗೆ ನಮ್ಮ ಅಜ್ಜಿಯರು ವಿಧಿಸುತ್ತಿದ್ದ ವಿಶ್ರಾಂತಿಯನ್ನು ಯೋಗವು ಅಲ್ಲಗಳೆಯುವುದಿಲ್ಲ. ಆ ವಿಶ್ರಾಂತಿ ಮುಗಿದು ವೈದ್ಯರು ಒಪ್ಪಿಗೆಯಿತ್ತ ಮೇಲೆ, ಸಡಿಲಗೊಂಡ ಕಿಬ್ಬೊಟ್ಟೆಯ ಸ್ನಾಯುಗಳನ್ನು ಅವಸರವಿಲ್ಲದೆ ಮೊದಲಿನ ಬಿಗಿಗೆ ತರುವುದು ಅದರ ಕೆಲಸ. ಮುಟ್ಟು ನಿಂತ ಮೇಲೆ ಮೂಳೆಗಳ ಸಾಂದ್ರತೆ ಕುಂದತೊಡಗುತ್ತದೆ. ದೇಹದ ಭಾರವನ್ನು ಕಾಲಿನ ಮೇಲೆ ಹೊತ್ತು ನಿಲ್ಲುವ ವೀರಭದ್ರಾಸನ, ತ್ರಿಕೋಣಾಸನ, ವೃಕ್ಷಾಸನಗಳು ಆ ವಯಸ್ಸಿನವರಿಗೆ ತೊಡೆಯ ಬಲವನ್ನೂ ಸಮತೋಲನವನ್ನೂ ಉಳಿಸಿಕೊಡುತ್ತವೆ. ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದ ಹಿರಿಯರನ್ನು ಕಂಡವರಿಗೆ, ಒಂಟಿ ಕಾಲಿನ ಮೇಲೆ ಹತ್ತು ಉಸಿರಿನ ಕಾಲ ಸ್ಥಿರವಾಗಿ ನಿಲ್ಲಬಲ್ಲ ಶಕ್ತಿಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಂದರ್ಭದಲ್ಲಿ ಒಂದು ಮಾತು. ರಕ್ತಹೀನತೆಗೆ ಕಬ್ಬಿಣಾಂಶವೇ ಬೇಕು, ಥೈರಾಯ್ಡ್ ಕುಂದಿದವರಿಗೆ ವೈದ್ಯರ ಮಾತ್ರೆಯೇ ಬೇಕು. ಆಸನವು ಅವಕ್ಕೆ ಬದಲಿಯಲ್ಲ. ರಕ್ತದೊತ್ತಡ ಹೆಚ್ಚಿದವರೂ ಗ್ಲಾಕೋಮಾ ಇರುವವರೂ ಶೀರ್ಷಾಸನದ ಗೋಜಿಗೆ ಹೋಗಲಾಗದು. ಯೋಗದ ಮೇಲಿನ ಪ್ರೀತಿಯಿಂದ ಅದಕ್ಕಿಲ್ಲದ ಪವಾಡಗಳನ್ನು ಆರೋಪಿಸುವವರು ಅದಕ್ಕೆ ಉಪಕಾರ ಮಾಡುತ್ತಿಲ್ಲ. ಅದಕ್ಕೆ ನಿಜವಾಗಿ ಇರುವ ಗುಣವೇ ಸಾಕಷ್ಟಿದೆ: ದೀರ್ಘಕಾಲದ ಸೊಂಟನೋವಿಗೆ ಮೊದಲು ಔಷಧವಿಲ್ಲದ ಉಪಾಯಗಳನ್ನು ಅನುಸರಿಸಿ ನೋಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ ಎಂಬ ವೈದ್ಯರ ಸಂಸ್ಥೆ 2017ರಲ್ಲಿ ಮಾರ್ಗಸೂಚಿ ಹೊರಡಿಸಿದಾಗ, ಆ ಉಪಾಯಗಳಲ್ಲಿ ಯೋಗವನ್ನೂ ಸೇರಿಸಿತು.

ಮಕ್ಕಳ ವಿಷಯಕ್ಕೆ ಬಂದರೆ, ಯೋಗವು ಅವರಿಗೆ ಮೊದಲು ಆಟವಾಗಿಯೇ ಬರಬೇಕು. ನಮ್ಮ ಪೂರ್ವಿಕರು ಆಸನಗಳಿಗಿಟ್ಟ ಹೆಸರುಗಳನ್ನು ನೋಡಿದರೆ ಅವರೇನು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡೇ ನಾಮಕರಣ ಮಾಡಿದರೋ ಎನಿಸುತ್ತದೆ: ಸರ್ಪ, ಕೂರ್ಮ, ಮಂಡೂಕ, ಮಯೂರ, ಮತ್ಸ್ಯ, ಸಿಂಹ, ವೃಕ್ಷ. ನಾಲಗೆಯನ್ನು ಹೊರಚಾಚಿ ಸಿಂಹದಂತೆ ಗರ್ಜಿಸು ಎಂದರೆ ಒಲ್ಲೆನೆನ್ನುವ ಮಗು ಉಂಟೇ? ಹಾಸನದ ಬಳಿಯ ಕೌಶಿಕ ಗ್ರಾಮದ ಹನ್ನೆರಡು ವರ್ಷದ ಹುಡುಗನೊಬ್ಬನು 1927ರಲ್ಲಿ ಹಾಸನದಲ್ಲಿ ಕೃಷ್ಣಮಾಚಾರ್ಯರ ಪ್ರದರ್ಶನವನ್ನು ಕಂಡು, ಆ ಬೆರಗಿನಲ್ಲಿಯೇ ಅವರ ಶಿಷ್ಯನಾದನು. ಅವನೇ ಮುಂದೆ ಅಷ್ಟಾಂಗ ವಿನ್ಯಾಸದ ಗುರುವೆನಿಸಿದ ಕೆ. ಪಟ್ಟಾಭಿ ಜೋಯಿಸರು. ಬಾಲ್ಯದ ಬೆರಗಿಗೆ ಅಷ್ಟು ಬಲವುಂಟು. ಅತ್ತ ಔಂಧ್ ಸಂಸ್ಥಾನದ ಅರಸರಾದ ಭವಾನರಾವ್ ಪಂತ ಪ್ರತಿನಿಧಿಯವರು ತಮ್ಮ ಶಾಲೆಗಳಲ್ಲಿ ಸೂರ್ಯನಮಸ್ಕಾರವನ್ನು ಬಳಕೆಗೆ ತಂದು, ಬಾಲಕಬಾಲಿಕೆಯರಿಬ್ಬರಿಗೂ ಅದು ಸಲ್ಲುವುದೆಂದು ಸಾರಿದರು.

ಇಂದಿನ ಮಗು ಕೂತಲ್ಲಿಂದ ಏಳುವುದಿಲ್ಲ. ತರಗತಿಯಲ್ಲಿ ಬೆಂಚು, ಮನೆಯಲ್ಲಿ ಸೋಫಾ, ಕೈಯಲ್ಲಿ ಮೊಬೈಲು. ಕತ್ತು ಮುಂದಕ್ಕೆ ಬಾಗಿ, ಭುಜಗಳು ಒಳಕ್ಕೆ ಕುಸಿದು, ಎದೆಗೂಡು ಇಕ್ಕಟ್ಟಾಗುತ್ತದೆ. ಭುಜಂಗಾಸನವು ಈ ಕುಸಿತಕ್ಕೆ ನೇರವಾದ ಮದ್ದು. ಒಂಟಿ ಕಾಲಿನಲ್ಲಿ ಮರದಂತೆ ನಿಲ್ಲುವಾಗ ಕಣ್ಣು ಒಂದೇ ಬಿಂದುವಿನಲ್ಲಿ ನೆಲೆಸದಿದ್ದರೆ ದೇಹ ತೂಗಾಡುತ್ತದೆ. ಗಮನವೆಂದರೇನೆಂದು ಗಂಟೆಗಟ್ಟಲೆ ಉಪದೇಶಿಸಿದರೂ ಹಿಡಿಯದ ಅರ್ಥವನ್ನು ಮಗು ಅಲ್ಲಿ ತನ್ನ ಕಾಲಿನ ಮೂಲಕ ಕಲಿಯುತ್ತದೆ. ಆದರೂ ಮಕ್ಕಳಿಗೆ ಕುಂಭಕ ಬೇಡ, ಬಹಳ ಹೊತ್ತಿನ ಶೀರ್ಷಾಸನ ಬೇಡ; ಅವರ ಎಲುಬು ಇನ್ನೂ ಬಲಿಯುತ್ತಿರುವಂಥದು. ಪದಕಕ್ಕಾಗಿ ಎಳೆಯ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸುವ ಸ್ಪರ್ಧೆಗಳನ್ನು ಕಂಡಾಗ ನನಗೆ ಸಂತೋಷಕ್ಕಿಂತ ಕಳವಳವೇ ಹೆಚ್ಚಾಗುತ್ತದೆ.

ನಿತ್ಯಜೀವನಕ್ಕೆ ಯೋಗವು ಕೊಡುವ ಅತ್ಯಂತ ದೊಡ್ಡ ಕಾಣಿಕೆ ಉಸಿರಿನದು. ನಾವು ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತೇವೆ. ಅವಸರದಲ್ಲಿಯೂ ಸಿಟ್ಟಿನಲ್ಲಿಯೂ ಅದು ಎದೆಯ ಮೇಲ್ಭಾಗಕ್ಕೆ ಸರಿದು ಮೊಟಕಾಗುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯು ಕೆಳಕ್ಕಿಳಿಯುವಂತೆ ಆಳವಾಗಿ ಉಸಿರೆಳೆದು, ಎಳೆದುಕೊಂಡುದಕ್ಕಿಂತ ದೀರ್ಘವಾಗಿ ಹೊರಬಿಟ್ಟಾಗ, ಹೃದಯದ ಬಡಿತವನ್ನು ತಗ್ಗಿಸುವ ವೇಗಸ್ ಎಂಬ ನರವು ಚುರುಕಾಗುತ್ತದೆ. ಅಭ್ಯಾಸಿಯು ಈ ಉಸಿರನ್ನು ನಿಮಿಷಕ್ಕೆ 6ರ ಆಸುಪಾಸಿಗೆ ಇಳಿಸಬಲ್ಲನು. ಭ್ರಾಮರಿ ಪ್ರಾಣಾಯಾಮದಲ್ಲಿ ದುಂಬಿಯ ಝೇಂಕಾರದ ನೆಪದಲ್ಲಿ ಉಚ್ಛ್ವಾಸಕ್ಕಿಂತ ನಿಶ್ವಾಸವು ತಾನಾಗಿಯೇ ದೀರ್ಘವಾಗುವುದರಿಂದ ಹೊಸಬರಿಗೂ ಅದು ಸುಲಭ. ಬಸ್ಸಿಗೆ ಕಾಯುವಾಗ, ಹಾಲು ಉಕ್ಕುವುದನ್ನು ಕಾಯುತ್ತ ಒಲೆಯ ಮುಂದೆ ನಿಂತಾಗ, ಎರಡು ಪಾದಗಳ ಮೇಲೂ ಸಮನಾಗಿ ಭಾರ ಹಾಕಿ ನಿಂತು ಹತ್ತು ದೀರ್ಘ ಉಸಿರನ್ನು ಗಮನಿಸಿದರೆ ಅದೂ ಅಭ್ಯಾಸವೇ. ನಮ್ಮ ಅಜ್ಜಿಯರು ಈಳಿಗೆಮಣೆಯ ಮುಂದೆ, ಬೀಸುಕಲ್ಲಿನ ಮುಂದೆ, ರಂಗೋಲಿಯ ಮುಂದೆ ದಿನಕ್ಕೆ ಹತ್ತಾರು ಸಲ ನೆಲಕ್ಕೆ ಕೂತು ಏಳುತ್ತಿದ್ದರು. ಆ ದುಡಿಮೆಯ ಬವಣೆ ಮರಳಿ ಬರಬೇಕೆಂದು ನಾನು ಹೇಳಲಾರೆ. ಕೂತು ಏಳುವ ಆ ಶಕ್ತಿ ಮಾತ್ರ ಉಳಿಯಬೇಕು.

ಇಷ್ಟೆಲ್ಲ ಹೇಳಿದರೂ ಹೆಂಗಸರು ಕೇಳುವ ಪ್ರಶ್ನೆ ಒಂದೇ: ಹೊತ್ತೆಲ್ಲಿದೆ? ಅದು ನೆವವಲ್ಲ, ನಿಜ. ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಬೇಕಾದ್ದರಿಂದ ಯೋಗಕ್ಕೆ ಒದಗುವುದು ಬೆಳಗಿನ ಹೊತ್ತು. ಮನೆಯೆಲ್ಲ ಅವಳ ಮೇಲೆ ಮುಗಿಬೀಳುವುದೂ ಆ ಹೊತ್ತಿನಲ್ಲಿಯೇ. ಆದುದರಿಂದ ಸ್ತ್ರೀಯರ ಯೋಗದ ಮಾತನಾಡುವವರು ಸ್ತ್ರೀಯರಿಗೆ ಮಾತ್ರ ಉಪದೇಶಿಸಿ ಫಲವಿಲ್ಲ. ಆ ಅರ್ಧ ಗಂಟೆಯನ್ನು ಅವಳಿಗೆ ಬಿಟ್ಟುಕೊಡತಕ್ಕವರು ಮನೆಯ ಉಳಿದವರು.

ಹಾಗೆ ಬಿಟ್ಟುಕೊಟ್ಟ ಮನೆಯೊಂದನ್ನು ನಾನು ಬಲ್ಲೆ. ಬೆಳಗಿನ ಆರು ಗಂಟೆಗೆ ಆ ಮನೆಯ ನಡುಮನೆಯಲ್ಲಿ ಜಮಖಾನೆ ಹಾಸಿರುತ್ತದೆ. ಯಜಮಾನರು ಡಿಕಾಕ್ಷನ್ ಇಳಿಸಿ ಮಗಳ ಶಾಲೆಯ ಚೀಲವನ್ನು ಅಣಿಮಾಡುತ್ತಾರೆ. ಸೊಸೆಯು ಆಸನಗಳನ್ನು ಮುಗಿಸಿ ಶವಾಸನದಲ್ಲಿ ಮಲಗಿದ ಹೊತ್ತಿಗೆ ಸರಿಯಾಗಿ ಕುಕ್ಕರು ಕೂಗಿದರೆ, ಅತ್ತೆಯವರು ಒಳಗಿನಿಂದಲೇ, “ಏಳ್ಬೇಡ್ವೇ, ನಾನ್ ನೋಡ್ಕೋತೀನಿ” ಎನ್ನುತ್ತಾರೆ. ಏಳು ವರ್ಷದ ಮಗಳು ಬಂದು ತಾಯಿಯ ಪಕ್ಕದಲ್ಲಿ ಕೂತು, ಅವಳ ಹೊಟ್ಟೆಯ ಮೇಲೆ ಅಂಗೈಯಿಟ್ಟು, ಗೋಡೆಯ ಗಡಿಯಾರದ ಮುಳ್ಳನ್ನೇ ನೋಡುತ್ತ ಉಸಿರಿನ ಏರಿಳಿತವನ್ನು ಎಣಿಸತೊಡಗುತ್ತಾಳೆ. ಹೋದ ವರ್ಷ ಒಂದು ಸುತ್ತಿಗೆ ಹದಿನೆಂಟರವರೆಗೆ ಎಣಿಸುತ್ತಿದ್ದವಳು ಈಗ ಎಂಟಕ್ಕೆ ನಿಲ್ಲಿಸುತ್ತಾಳೆ.