ಆಮೆಗೆ ಬೇಕಾದ ಬಿಸಿಲು

ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ನಿಂತ ದಿನಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಗದ್ದೆಯ ಬದುವಿನ ಮೇಲೆ ಆಮೆ ನಡೆದುಹೋಗುವುದನ್ನು ನೀವು ಕಂಡಿರಬಹುದು. ಹುಡುಗನೊಬ್ಬ ಅದನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತರುತ್ತಾನೆ. ಇಲ್ಲವೆ, ಅದೃಷ್ಟ ಕೂಡಿಬರುತ್ತದೆಂಬ ಮಾತನ್ನು ನಂಬಿದ ನೆಂಟರು, ಬೆನ್ನ ಮೇಲೆ ಹಳದಿ ಗೆರೆಗಳ ನಕ್ಷತ್ರವಿರುವ ಪುಟ್ಟ ಆಮೆಯನ್ನು ಪಟ್ಟಣದಿಂದ ರಟ್ಟಿನ ಪೆಟ್ಟಿಗೆಯಲ್ಲಿ ತರುತ್ತಾರೆ. ಎರಡೂ ಆಮೆಯೇ ತಾನೆ ಎಂದು ಮನೆಯವರು ಬಕೆಟ್ಟಿನ ನೀರಿಗೆ ಬಿಡುವುದುಂಟು. ನಕ್ಷತ್ರ ಆಮೆ ಅಲ್ಲಿಯೇ ಮುಳುಗಿ ಸಾಯುತ್ತದೆ.

ಆದುದರಿಂದ ಮೊದಲು ಕಾಲನ್ನು ನೋಡಿ. ಬೆರಳುಗಳ ನಡುವೆ ಬಾತುಕೋಳಿಯಂತೆ ಚರ್ಮವಿದ್ದರೆ ಅದು ನೀರಿನದು. ಆರೋಗ್ಯವಾಗಿದ್ದರೆ ಸಿಕ್ಕಿದ ಸ್ಥಳದಲ್ಲಿಯೇ, ಅಲ್ಲಿ ನೀರಿಲ್ಲದಿದ್ದರೆ ಹತ್ತಿರದ ಕೆರೆಯ ಅಂಚಿನಲ್ಲಿ ಬಿಟ್ಟುಬಿಡಿ. ನೀರು ತಿಳಿಯಾಗಲೆಂದು ಬಾವಿಗೆ ಹಾಕುವ ಹಳೆಯ ಪದ್ಧತಿ ಬೇಡ. ಕಟ್ಟಿದ ಬಾವಿಯಲ್ಲಿ ಮೈಕಾಯಿಸಲು ದಡವೆಲ್ಲಿದೆ? ಕಾಲು ಆನೆಯ ಕಾಲಿನಂತೆ ದುಂಡಾಗಿ ಮೊಂಡಾಗಿದ್ದರೆ ಅದು ನೆಲದ ಆಮೆ. ಅದರ ಮನೆ ಒಣ ಕುರುಚಲು ಕಾಡು.

ನಮ್ಮ ಮೈ ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಆಮೆಯ ಮೈ ಹಾಗಲ್ಲ, ಅದು ಬಿಸಿಲನ್ನು ಸಾಲ ತಂದು ಬದುಕುತ್ತದೆ. ಮಾರ್ಗಶಿರ, ಪುಷ್ಯದ ರಾತ್ರಿ ತಣ್ಣನೆಯ ಗಾರೆ ನೆಲದ ಮೇಲೆ ಬಿಟ್ಟರೆ ಅದರ ಜೀರ್ಣಕ್ರಿಯೆ ನಿಧಾನವಾಗುತ್ತದೆ. ತಿಂದದ್ದು ಹೊಟ್ಟೆಯಲ್ಲಿಯೇ ಉಳಿಯುತ್ತದೆ. ಕಂಬಳಿ ಹೊದಿಸಿ ಪ್ರಯೋಜನವಿಲ್ಲ. ತನ್ನಲ್ಲಿ ಶಾಖವಿಲ್ಲದ ಮೈಗೆ ಕಂಬಳಿ ಏನು ಮಾಡೀತು? ಅಗಲವಾದ ಮಂಕರಿಯಲ್ಲಿ ಒಣ ಹುಲ್ಲು ಹಾಸಿ, ಒಂದು ತುದಿಯಲ್ಲಿ ಮಾತ್ರ, ಹುಲ್ಲಿಗೆ ತಾಗದಷ್ಟು ಎತ್ತರದಲ್ಲಿ, 40 ವಾಟಿನ ಹಳೆಯ ಬಗೆಯ ಬಲ್ಬನ್ನು ತೂಗುಹಾಕಿ. ಕೋಳಿಮರಿಗಳಿಗೆ ಮಾಡುವಂತೆಯೇ ಎನ್ನಿ. ಸುಮಾರು 30 ಡಿಗ್ರಿ ಸೆಲ್ಸಿಯಸ್ ಸಾಕು. ಇನ್ನೊಂದು ತುದಿ ತಂಪಾಗಿರಲಿ; ಎಲ್ಲಿರಬೇಕೆಂಬುದನ್ನು ಆಮೆಯೇ ಆರಿಸಿಕೊಳ್ಳುತ್ತದೆ.

ಆದರೆ ಬಲ್ಬು ಶಾಖ ಕೊಟ್ಟೀತೇ ಹೊರತು ಬಿಸಿಲಾಗದು. ಸೂರ್ಯನ ನೇರಳಾತೀತ ಕಿರಣ ಮೈಗೆ ಬಿದ್ದರೆ ಮಾತ್ರ ಡಿ ಜೀವಸತ್ವ ಹುಟ್ಟಿ, ತಿಂದ ಸುಣ್ಣದಂಶ ಚಿಪ್ಪಿಗೂ ಮೂಳೆಗೂ ಸೇರುತ್ತದೆ. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ. ಒಳಗೇ ಬೆಳೆದ ಮರಿಯ ಚಿಪ್ಪು ಮೆತ್ತಗಾಗಿ ಸೊಟ್ಟಗಾಗುವುದು ಇದರಿಂದಲೇ. ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಬಿಡಿ, ಪಕ್ಕದಲ್ಲಿ ನೆರಳಿರಲಿ. ನಡುಹಗಲಿನಲ್ಲಿ ತಗಡಿನ ತೊಟ್ಟಿಯಲ್ಲಿಟ್ಟು ಮರೆತರೆ ಬೆಂದುಹೋದೀತು.

ಪ್ರೀತಿಯಿಂದ ಹಾಲು ಅನ್ನ, ಬ್ರೆಡ್ಡು ಇಡುವವರಿದ್ದಾರೆ. ನಕ್ಷತ್ರ ಆಮೆ ಸೊಪ್ಪು ತಿನ್ನುವ ಪ್ರಾಣಿ. ಗರಿಕೆ, ನುಗ್ಗೆ ಸೊಪ್ಪು, ದಾಸವಾಳದ ಎಲೆ ಹೂವು ಕೊಡಿ, ಔಷಧಿ ಸಿಂಪಡಿಸಿದ ಹೊಲದ ಸೊಪ್ಪು ಮಾತ್ರ ಬೇಡ. ಕುಡಿಯಲು ತಟ್ಟೆಯಲ್ಲಿ ಗದ್ದ ಮುಟ್ಟದಷ್ಟು ನೀರಿರಲಿ. ಮೂಗಿನಲ್ಲಿ ಗುಳ್ಳೆ ಬರುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ ಶ್ವಾಸಕೋಶಕ್ಕೆ ರೋಗ ತಗುಲಿರಬಹುದು. ಎದೆ ಹೊಟ್ಟೆಗಳ ನಡುವೆ ನಮಗಿರುವಂಥ ವಪೆ ಅದಕ್ಕಿಲ್ಲ. ಕೆಮ್ಮಿ ಕಫ ಹೊರಹಾಕಲಾರದು. ಪಶುವೈದ್ಯರಲ್ಲಿಗೆ ಅಂದೇ ಒಯ್ಯಬೇಕು.

ಇಷ್ಟೆಲ್ಲ ಹೇಳಿದ್ದು ಸಾಕಿಕೊಳ್ಳಿರೆಂದಲ್ಲ, ಒಪ್ಪಿಸುವವರೆಗೆ ಅದು ಜೀವಂತವಾಗಿರಲೆಂದು. ನಕ್ಷತ್ರ ಆಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು 2019ರಲ್ಲಿ ನಿಷೇಧಿಸಲಾಯಿತು. ಅದಕ್ಕೆ ಮುಂಚೆ, 2018ರಲ್ಲಿ, ಕಳ್ಳಸಾಗಣೆಯಾಗಿದ್ದ 51 ನಕ್ಷತ್ರ ಆಮೆಗಳು ಸಿಂಗಪುರದಿಂದ ಬೆಂಗಳೂರಿಗೆ ಮರಳಿ ಬಂದವು. ಕೊಳ್ಳುವವರಿದ್ದುದರಿಂದಲ್ಲವೆ ಅವು ಹೋದದ್ದು?

ನಿಮ್ಮ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ. ಯಾವುದಾದರೊಂದು ಗುಡ್ಡದಲ್ಲಿ ನೀವೇ ಬಿಟ್ಟುಬರಬೇಡಿ; ಮನೆಯಲ್ಲಿದ್ದ ಆಮೆಯ ರೋಗ ಅಲ್ಲಿನವಕ್ಕೂ ತಗುಲೀತು. ಒಯ್ಯುವಾಗ ಪೆಟ್ಟಿಗೆಗೆ ಗಾಳಿಯಾಡುವ ತೂತುಗಳಿರಲಿ, ಹುಲ್ಲಿರಲಿ, ನೀರು ಬೇಡ. ಎಲ್ಲಿ, ಎಂದು ಸಿಕ್ಕಿತೆಂಬುದನ್ನು ಚೀಟಿಯಲ್ಲಿ ಬರೆದು ಜೊತೆಗೆ ಕೊಡಿ.