ಮಣ್ಣು ಉಣ್ಣುವ ವಿಷಾನಿಲದ ಲೆಕ್ಕ

ಚಳಿಗಾಲದ ರಾತ್ರಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದವರು ಬೆಳಿಗ್ಗೆ ಏಳಲೇ ಇಲ್ಲ ಎಂಬ ಸುದ್ದಿಯನ್ನು ಓದುಗರು ಆಗಾಗ ಕಂಡಿರುತ್ತಾರೆ. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲವೇ ಇಂತಹ ಸಾವುಗಳಿಗೆ ಕಾರಣ. ವಾಹನಗಳ ಹೊಗೆಯಲ್ಲಿ, ಕಾಳ್ಗಿಚ್ಚಿನಲ್ಲಿ ಹೊರಬೀಳುವುದೂ ಇದೇ. ಇಷ್ಟು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ನಾವು ನಿಂತ ನೆಲವೂ ಈ ಅನಿಲವನ್ನು ಹಗಲಿರುಳು ಹೀರುತ್ತದೆ, ಜೊತೆಜೊತೆಗೇ ಉಗುಳುತ್ತದೆ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಹೀರಿದ್ದೆಷ್ಟು, ಉಗುಳಿದ್ದೆಷ್ಟು ಎಂದು ಅಳೆಯಲು ವಿಜ್ಞಾನಿಗಳು ಅರ್ಧ ಶತಮಾನದಿಂದ ಹೆಣಗುತ್ತಿದ್ದಾರೆ.

ಇದನ್ನು ಅಳೆದು ಆಗಬೇಕಾದ್ದೇನು ಎಂದು ಕೇಳಬಹುದು. ಬಯಲಿನ ಶುದ್ಧ ಗಾಳಿಯಲ್ಲಿ ಈ ಅನಿಲ ಇರುವುದು ಅತ್ಯಲ್ಪ. ಉತ್ತರ ಗೋಳಾರ್ಧದಲ್ಲಿ ನೂರು ಕೋಟಿ ಅಣುಗಳಿಗೆ ಸುಮಾರು ನೂರು, ದಕ್ಷಿಣದಲ್ಲಿ ಅದರ ಅರ್ಧದಷ್ಟು. ಅದು ಉಸಿರಿಗೆ ಅಪಾಯವಲ್ಲ. ಆದರೆ ವಾಯುಮಂಡಲದಲ್ಲಿ ಹೈಡ್ರಾಕ್ಸಿಲ್ ಎಂಬ ಚುರುಕಾದ ಕಣವೊಂದಿದೆ. ಹುಟ್ಟಿದ ಸೆಕೆಂಡಿನಲ್ಲೇ ಮತ್ತೊಂದರೊಡನೆ ಕೂಡಿ ಮಾಯವಾಗುವ ಈ ಕಣವೇ ಗಾಳಿಯ ಜಾಡಮಾಲಿ. ಭೂಮಿಯನ್ನು ಬಿಸಿಯಾಗಿಸುವ ಮೀಥೇನ್ ಅನಿಲವನ್ನು ಗುಡಿಸಿಹಾಕುವುದೂ ಅದರ ಕೆಲಸವೇ. ಕಾರ್ಬನ್ ಮೊನಾಕ್ಸೈಡ್ ಹೆಚ್ಚಾದಷ್ಟೂ ಹೈಡ್ರಾಕ್ಸಿಲ್ ಅದರ ಹಿಂದೆ ಬಿದ್ದು ಖರ್ಚಾಗುತ್ತದೆ, ಮೀಥೇನ್ ಹೆಚ್ಚು ಕಾಲ ಉಳಿಯುತ್ತದೆ. ತಾನು ನೇರವಾಗಿ ಬಿಸಿ ಏರಿಸದಿದ್ದರೂ ಬಿಸಿ ಏರಿಸುವವನಿಗೆ ಆಯುಷ್ಯ ಕೊಡುವ ಅನಿಲವಿದು. ಹೈಡ್ರಾಕ್ಸಿಲ್ ಬಿಟ್ಟರೆ ಇದನ್ನು ಗಾಳಿಯಿಂದ ತೆಗೆಯುವ ಇನ್ನೊಂದು ದೊಡ್ಡ ಶಕ್ತಿಯೆಂದರೆ ಮಣ್ಣು. ಆದ್ದರಿಂದಲೇ ಮಣ್ಣಿನ ಲೆಕ್ಕ ಬೇಕು.

ಕುಂಡದ ಮಣ್ಣಿನ ಪ್ರಯೋಗ

1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಇನ್‌ಮನ್, ಇಂಗರ್ಸಾಲ್ ಮತ್ತು ಲೆವಿ ಎಂಬುವವರು 'ಸೈನ್ಸ್' ಪತ್ರಿಕೆಯಲ್ಲಿ ಸರಳವಾದ ಪ್ರಯೋಗವೊಂದನ್ನು ವರದಿ ಮಾಡಿದರು. ಹೂಕುಂಡಕ್ಕೆ ತುಂಬುವ ಮಣ್ಣನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಹತ್ತು ಲಕ್ಷ ಭಾಗಕ್ಕೆ 120 ಭಾಗದಷ್ಟು ಕಾರ್ಬನ್ ಮೊನಾಕ್ಸೈಡ್ ತುಂಬಿದರು. ಮೂರೇ ಗಂಟೆಗಳಲ್ಲಿ ಅನಿಲ ಬಹುತೇಕ ಖಾಲಿ! ಮಣ್ಣನ್ನು ಉಗಿಯಲ್ಲಿ ಬೇಯಿಸಿ ಇಟ್ಟಾಗ, ಜೀವಿರೋಧಕ ಔಷಧ ಬೆರೆಸಿದಾಗ ಏನೂ ಆಗಲಿಲ್ಲ. ಬೇಯಿಸಿದ ಮಣ್ಣಿಗೆ ಹಸಿಮಣ್ಣನ್ನು ಬೆರೆಸಿಟ್ಟರೆ, ಹಾಲಿಗೆ ಹೆಪ್ಪು ಹಾಕಿದಂತೆ, ಕೆಲಕಾಲದ ನಂತರ ಹೀರುವ ಶಕ್ತಿ ಮರಳಿ ಬಂತು. ಉಣ್ಣುವುದು ಮಣ್ಣಲ್ಲ, ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಎಂಬುದು ಇದರಿಂದ ಖಚಿತವಾಯಿತು. ಆಹಾರವಿಲ್ಲದ ದಿನಗಳಲ್ಲಿ ಅನೇಕ ಬಗೆಯ ಬ್ಯಾಕ್ಟೀರಿಯಾಗಳು ಗಾಳಿಯಲ್ಲಿನ ಈ ಅನಿಲವನ್ನೇ ಸುಟ್ಟು ಜೀವ ಹಿಡಿದಿರುತ್ತವೆ ಎಂದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ತಂಡ 2019ರಲ್ಲಿ ತೋರಿಸಿತು.

ಆದರೆ ಕುಂಡದ ಪ್ರಯೋಗದಲ್ಲಿ ಒಂದು ಕೊರತೆ ಇತ್ತು. ಪೆಟ್ಟಿಗೆಯಲ್ಲಿ ತುಂಬಿದ್ದು ಹೊರಗಿನ ಗಾಳಿಯಲ್ಲಿರುವುದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು. ಮದುವೆಯೂಟದಲ್ಲಿ ಒಬ್ಬ ಉಂಡದ್ದನ್ನು ನೋಡಿ ಅವನ ದಿನನಿತ್ಯದ ಆಹಾರವನ್ನು ನಿರ್ಧರಿಸಿದರೆ ಹೇಗಾದೀತು? ಸಹಜ ಗಾಳಿಯಲ್ಲಿ ಅಳೆಯತೊಡಗಿದಾಗ ಚಿತ್ರ ಬದಲಾಯಿತು. ಜರ್ಮನಿಯ ರಾಲ್ಫ್ ಕಾನ್ರಾಡ್ ಮತ್ತು ವುಲ್ಫ್‌ಗ್ಯಾಂಗ್ ಸೈಲರ್ 1982ರಲ್ಲಿ ಒಣಭೂಮಿಯ ಮಣ್ಣು ಈ ಅನಿಲವನ್ನು ಹೀರುವ ಬದಲು ಹೊರಬಿಡಬಲ್ಲದು ಎಂದು ತೋರಿಸಿದರು. ಇದು ಜೀವಿಗಳ ಕೆಲಸವಲ್ಲ. ಒಣಗಿದ ಎಲೆ, ಹುಲ್ಲು, ಮಣ್ಣಿನ ಕೊಳೆತ ಅಂಶ ಬಿಸಿಲಿಗೂ ಶಾಖಕ್ಕೂ ಒಡೆದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬೆಂಕಿ ಬೇಕೇ ಇಲ್ಲ.

ತೂತಾದ ತೊಟ್ಟಿಯೊಂದಕ್ಕೆ ಮೇಲಿನಿಂದ ನಲ್ಲಿಯ ನೀರು ಬೀಳುತ್ತಿದೆ ಎಂದುಕೊಳ್ಳಿ. ನೀರು ಹೆಚ್ಚಿದಷ್ಟೂ ತೂತಿನಿಂದ ಹೋಗುವುದೂ ಹೆಚ್ಚು, ಒಂದು ಮಟ್ಟದಲ್ಲಿ ಬರುವುದೂ ಹೋಗುವುದೂ ಸಮ. ಮಣ್ಣಿನಲ್ಲಿಯೂ ಹಾಗೆಯೇ. ಹೊರಗಿನ ಗಾಳಿಯಲ್ಲಿ ಅನಿಲ ಆ ಸಮಮಟ್ಟಕ್ಕಿಂತ ಹೆಚ್ಚಿದ್ದರೆ ನೆಲ ಹೀರುತ್ತದೆ, ಕಡಿಮೆಯಿದ್ದರೆ ಬಿಡುತ್ತದೆ. ತೇವ, ಶಾಖ, ಬಿಸಿಲು ಬದಲಾದಂತೆ ಸಮಮಟ್ಟವೂ ಬದಲಾಗುವುದರಿಂದ ಒಂದೇ ಹೊಲ ಬೆಳಿಗ್ಗೆ ಕೊಳ್ಳುವವನಾಗಿ, ಮಧ್ಯಾಹ್ನ ಮಾರುವವನಾಗಿ ಕಾಣಿಸಬಹುದು.

ಪೆಟ್ಟಿಗೆಯಿಂದ ಗೋಪುರಕ್ಕೆ

ನೆಲದ ಮೇಲೆ ಪೆಟ್ಟಿಗೆ ಕವುಚಿ, ಒಳಗಿನ ಗಾಳಿಯಲ್ಲಿ ಅನಿಲ ಏರಿತೋ ಇಳಿಯಿತೋ ಎಂದು ಕೆಲ ನಿಮಿಷ ನೋಡುವುದು ಹಳೆಯ ವಿಧಾನ. ಆಗಿನ ಉಪಕರಣವೂ ಸ್ವಾರಸ್ಯಕರ. ಕಾಯಿಸಿದ ಪಾದರಸದ ಆಕ್ಸೈಡಿನ ಮೇಲೆ ಗಾಳಿ ಹರಿಸಿದರೆ ಕಾರ್ಬನ್ ಮೊನಾಕ್ಸೈಡ್ ಅದರ ಆಮ್ಲಜನಕ ಕಸಿದು ಪಾದರಸದ ಆವಿಯನ್ನು ಬಿಡಿಸುತ್ತದೆ. ಆ ಆವಿ ನೇರಳಾತೀತ ಬೆಳಕನ್ನು ಎಷ್ಟು ಹೀರಿತೆಂದು ನೋಡಿ ಅನಿಲದ ಪ್ರಮಾಣ ತಿಳಿಯುತ್ತಿದ್ದರು. ತೊಡಕಿದ್ದದ್ದು ಪೆಟ್ಟಿಗೆಯಲ್ಲಿ. ಕಪ್ಪು ಪೆಟ್ಟಿಗೆಯಾದರೆ ಬಿಸಿಲು ತಡೆದು ಅನಿಲದ ಹುಟ್ಟನ್ನೇ ಮರೆಮಾಚುತ್ತದೆ. ಪಾರದರ್ಶಕ ಪೆಟ್ಟಿಗೆಯಾದರೆ ಬಿಸಿಲಿಗೆ ಅದರ ಪ್ಲಾಸ್ಟಿಕ್ಕು, ರಬ್ಬರುಗಳೇ ಕಾರ್ಬನ್ ಮೊನಾಕ್ಸೈಡ್ ಬಿಡಬಹುದು. ತಕ್ಕಡಿಯೇ ತೂಕಕ್ಕೆ ಸೇರಿಕೊಂಡಂತೆ! ಆದ್ದರಿಂದ ಮಣ್ಣಿಲ್ಲದ ಖಾಲಿ ಪೆಟ್ಟಿಗೆಯನ್ನೂ ಅಳೆದು ಕಳೆಯಬೇಕು.

ಹೊಸ ವಿಧಾನದಲ್ಲಿ ಪೆಟ್ಟಿಗೆಯೇ ಇಲ್ಲ. ಹೊಲದ ನಡುವೆ ಕೆಲವು ಮೀಟರ್ ಎತ್ತರದ ಕಂಬ ನೆಡುತ್ತಾರೆ. ಶಬ್ದತರಂಗದಿಂದ ಗಾಳಿಯ ವೇಗ ಅಳೆಯುವ ಯಂತ್ರವೊಂದು ಗಾಳಿ ಮೇಲೇರುತ್ತಿದೆಯೇ, ಇಳಿಯುತ್ತಿದೆಯೇ ಎಂದು ಸೆಕೆಂಡಿಗೆ ಹತ್ತು ಬಾರಿ ಬರೆದುಕೊಳ್ಳುತ್ತದೆ. ಪಕ್ಕದಲ್ಲೇ ಗಾಳಿಯನ್ನು ಹೀರುವ ಕೊಳವೆ. ಅದರ ಕೊನೆಯಲ್ಲಿ ಅವಕೆಂಪು ಲೇಸರ್. ಸುಮಾರು 4.6 ಮೈಕ್ರೊಮೀಟರ್ ತರಂಗಾಂತರದ ಬೆಳಕನ್ನು ಈ ಅನಿಲ ಚೆನ್ನಾಗಿ ಹೀರುವುದರಿಂದ ಪ್ರಮಾಣ ತಿಳಿಯುತ್ತದೆ. ಮೇಲೇರುವ ಸುಳಿಗಾಳಿಯಲ್ಲಿ ಇಳಿಯುವ ಗಾಳಿಗಿಂತ ಅನಿಲ ಹೆಚ್ಚಿದ್ದರೆ ನೆಲ ಕೊಡುತ್ತಿದೆ ಎಂದರ್ಥ, ಕಡಿಮೆಯಿದ್ದರೆ ಕೊಳ್ಳುತ್ತಿದೆ. ಅರ್ಧ ಗಂಟೆಯ ಸಾವಿರಾರು ಅಳತೆಗಳನ್ನು ಕೂಡಿಸಿ ಒಂದು ಅಂಕಿ ತೆಗೆಯುತ್ತಾರೆ. ಹೇಳಲು ಸುಲಭ. ವ್ಯತ್ಯಾಸ ಎಷ್ಟು ಸಣ್ಣದೆಂದರೆ ಹತ್ತಿರದ ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಹಾದುಹೋದರೂ ಆ ಅರ್ಧ ಗಂಟೆಯ ಅಂಕಿ ಕೆಡಬಹುದು.

ಈ ವಿಧಾನದಿಂದ ಒಂದು ಬೆಳೆಯನ್ನು ತಿಂಗಳುಗಟ್ಟಲೆ ಹಿಂಬಾಲಿಸಿದ ಮೊದಲಿಗರಲ್ಲಿ ಫಿನ್ಲೆಂಡಿನ ಮಾರಿ ಪಿಹ್ಲಾಟಿ ಮತ್ತು ಸಂಗಡಿಗರು ಸೇರಿದ್ದಾರೆ. ಮಾನಿಂಕಾ ಎಂಬಲ್ಲಿ ಇಂಧನಕ್ಕಾಗಿ ಬೆಳೆಸಿದ ಹುಲ್ಲಿನ ಹೊಲದಲ್ಲಿ, 2011ರಲ್ಲಿ ಹಿಮವಿಲ್ಲದ ಏಳು ತಿಂಗಳು ಅವರ ಗೋಪುರ ದುಡಿಯಿತು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಏಪ್ರಿಲ್‌ನಿಂದ ಜೂನ್‌ವರೆಗೆ ಹೊಲ ಒಟ್ಟಾರೆ ಅನಿಲ ಬಿಡುತ್ತಿತ್ತು, ಆಮೇಲೆ ಹೀರತೊಡಗಿತು. ದಿನದೊಳಗೂ ಏರಿಳಿತ: ರಾತ್ರಿ ಹೀರಿಕೆ, ನಡುಹಗಲಿಗೆ ಗರಿಷ್ಠ ಬಿಡುಗಡೆ. ಬಿಡುಗಡೆಯ ಗತಿ ಬಿಸಿಲಿನ ಗತಿಯನ್ನೇ ಅನುಸರಿಸಿತ್ತು. ಮಧ್ಯಾಹ್ನ ಮಾತ್ರ ಪೆಟ್ಟಿಗೆ ಹೊತ್ತು ಹೋಗಿ ಅಳೆದು ಬರುವವರಿಗೂ ರಾತ್ರಿ ಅಳೆದವರಿಗೂ ಒಂದೇ ಹೊಲದ ಬಗ್ಗೆ ವಿರುದ್ಧ ಉತ್ತರಗಳು ಸಿಗುತ್ತಿದ್ದವು ಎಂಬುದನ್ನು ಗಮನಿಸಬೇಕು.

ಉಪಗ್ರಹಗಳು ಇದನ್ನು ಬಿಡಿಸಿ ಹೇಳಲಾರವೇ? 1999ರಲ್ಲಿ ಹಾರಿದ ಟೆರ್ರಾ ಉಪಗ್ರಹದ ಮೋಪಿಟ್ ಉಪಕರಣ, 2017ರಲ್ಲಿ ಹಾರಿದ ಸೆಂಟಿನೆಲ್-5ಪಿಯ ಟ್ರೋಪೋಮಿ ಉಪಕರಣ ಕಾಳ್ಗಿಚ್ಚಿನ ಹೊಗೆ ಖಂಡದಿಂದ ಖಂಡಕ್ಕೆ ಸಾಗುವುದನ್ನು ಸೊಗಸಾಗಿ ತೋರಿಸಿವೆ. ಆದರೆ ಅವು ಕಾಣುವುದು ಗಾಳಿಯ ಇಡೀ ಕಂಬದಲ್ಲಿನ ಅನಿಲದ ಮೊತ್ತವನ್ನು, ಮಣ್ಣಿನ ಕೊಡುಕೊಳ್ಳುವಿಕೆಯನ್ನಲ್ಲ.

ಹೀಗಾಗಿ ಜಗತ್ತಿನ ಮಣ್ಣು ವರ್ಷಕ್ಕೆ ಹೀರುವ ಕಾರ್ಬನ್ ಮೊನಾಕ್ಸೈಡ್ ಕುರಿತ ಅಂದಾಜುಗಳು ಸುಮಾರು 11 ಕೋಟಿ ಟನ್ನಿನಿಂದ 60 ಕೋಟಿ ಟನ್ನಿಗೂ ಮೇಲಕ್ಕೆ ಹರಡಿವೆ. ಐದು ಪಟ್ಟಿಗೂ ಮೀರಿದ ಅಂತರ! ದೀರ್ಘಾವಧಿಯ ಗೋಪುರ ಮಾಪನಗಳು ನಡೆದಿರುವುದು ಹೆಚ್ಚಾಗಿ ಯುರೋಪಿನ ತಂಪು ನೆಲಗಳಲ್ಲಿ. ಕಾನ್ರಾಡ್ ಮತ್ತು ಸೈಲರ್ ನಾಲ್ಕು ದಶಕಗಳ ಹಿಂದೆ ಬೊಟ್ಟು ಮಾಡಿದ ಒಣಭೂಮಿಯಲ್ಲಿ, ಬಿಸಿಲೂ ಒಣಹುಲ್ಲೂ ಧಾರಾಳವಾಗಿರುವ ಕಡೆ, ವರ್ಷವಿಡೀ ನಿಂತು ಎಣಿಸುವ ಗೋಪುರಗಳು ಇನ್ನೂ ವಿರಳ.