ಕೆರೆ ದಂಡೆಗೊಂದು ಅಧ್ಯಯನ ಕೇಂದ್ರ: ಎಲ್ಲಿಂದ ಶುರು ಮಾಡಬೇಕು?

ಊರ ಕೆರೆಯ ಸ್ಥಿತಿಯನ್ನು ವರ್ಷಗಟ್ಟಲೆ ಅಳೆದು ಲೆಕ್ಕ ಇಡುವ ಜಾಗವೇ ಪರಿಸರ ನಿಗಾ ಕೇಂದ್ರ. ಅದಕ್ಕೆ ಹೊಸ ಕಟ್ಟಡವೇನೂ ಬೇಡ. ಹೈಸ್ಕೂಲಿನ ಒಂದು ಕೋಣೆ, ಬೀಗ ಹಾಕುವ ಬೀರು, ಒಂದು ಕಂಪ್ಯೂಟರ್ ಸಾಕು.

ವರ್ಷಗಟ್ಟಲೆ ಯಾಕೆ ಅಂತೀರಾ? ಅಮೆರಿಕದ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ 1963ರಿಂದ ಮಳೆನೀರನ್ನೂ ಹಳ್ಳದ ನೀರನ್ನೂ ಪರೀಕ್ಷಿಸುತ್ತ ಬಂದರು. ಆ ಭಾಗದಲ್ಲಿ ಸುರಿಯುತ್ತಿರುವುದು ಆಮ್ಲಮಳೆ ಎಂಬುದು ಬಯಲಾದದ್ದು ಹಾಗೆ. ನಮ್ಮ ರಾಜ್ಯದ ಗಡಿಯಾಚೆಯ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಕಾಡು ಗುರುತಿಸಿ, 1 ಸೆಂ.ಮೀ. ದಪ್ಪ ದಾಟಿದ ಗಿಡಗಳಿಗೆಲ್ಲ ನಂಬರ್ ಹಾಕಿ ಅಳೆಯತೊಡಗಿದರು.

ಕೆರೆಯಲ್ಲಿ ಮೊದಲು ಮೂರು ಜಾಗ ಆರಿಸಿ: ನೀರು ಒಳಬರುವ ಕಾಲುವೆ ಬಾಯಿ, ಏರಿಯ ಹತ್ತಿರದ ಆಳ, ಕೋಡಿ. ಉಷ್ಣಾಂಶ, ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂಬ ಅಳತೆ), ತಿಳಿತನ, ಡಿಒ (ನೀರಲ್ಲಿ ಕರಗಿದ ಆಮ್ಲಜನಕ) ಇವಿಷ್ಟನ್ನು ನೋಡಿದರೆ ಆರಂಭಕ್ಕೆ ಸಾಕು. ತಿಳಿತನಕ್ಕೆ ಸೆಕ್ಕಿ ತಟ್ಟೆ ಬೇಕು. 20 ಸೆಂ.ಮೀ. ಅಗಲದ ತಟ್ಟೆಗೆ ನಾಲ್ಕು ಭಾಗ ಮಾಡಿ ಕಪ್ಪು, ಬಿಳಿ ಬಣ್ಣ ಹಚ್ಚಿ, ಭಾರ ಕಟ್ಟಿ ಹಗ್ಗದಲ್ಲಿ ಇಳಿಬಿಡಿ. ಕಣ್ಣಿಗೆ ಮರೆಯಾದಾಗ ಎಷ್ಟು ಆಳ, ಮೇಲೆತ್ತುವಾಗ ಮತ್ತೆ ಕಂಡದ್ದು ಎಷ್ಟರಲ್ಲಿ, ಎರಡರ ಸರಾಸರಿ ಬರೆದುಕೊಳ್ಳಿ.

ಡಿಒ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ. ಪಾಚಿ ತುಂಬಿದ ಕೆರೆ ಮಧ್ಯಾಹ್ನ ಬಲು ಆರೋಗ್ಯವಾಗಿ ಕಾಣುತ್ತದೆ, ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತಿರುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ಹೀರುತ್ತದೆ. ಮೀನು ಸಾಯುವುದು ಬೆಳಗಿನ ಜಾವ. ಹಾಗಾಗಿ ಸೂರ್ಯೋದಯಕ್ಕೆ ಮುನ್ನವೇ ಅಳೆಯಿರಿ, ಪ್ರತಿ ಸಲವೂ ಅದೇ ಹೊತ್ತಿಗೆ. ಮೀನು, ಜಲಚರ ಬದುಕಲು ಲೀಟರಿಗೆ ಕನಿಷ್ಠ 4 ಮಿ.ಗ್ರಾಂ. ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ.

ಖರ್ಚೆಷ್ಟು? ತಟ್ಟೆಯನ್ನು ಮನೆಯಲ್ಲೇ ಮಾಡಬಹುದು. ಪಿಎಚ್ ಪಟ್ಟಿ, ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಪ್ರಯೋಗಾಲಯ ಸಾಮಗ್ರಿಯ ಅಂಗಡಿಯಲ್ಲಿ ಸಿಗುತ್ತವೆ. ದುಬಾರಿ ಎಂದರೆ ಡಿಒ ಮೀಟರ್. ನನ್ನ ಕೇಳಿದರೆ ಮೊದಲ ವರ್ಷ ಅದನ್ನು ಕೊಳ್ಳಲೇಬೇಡಿ. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರು ವಿಂಕ್ಲರ್ ಎಂಬ ರಾಸಾಯನಿಕ ವಿಧಾನದಲ್ಲಿ ಇದೇ ಪರೀಕ್ಷೆ ಮಾಡಿಕೊಡಬಲ್ಲರು. ಉಳಿದ ದುಡ್ಡನ್ನು ಲೆಕ್ಕ ಬರೆಯುವವರ ಗೌರವಧನಕ್ಕೆ ಇಡಿ. ಇಂಥ ಕೇಂದ್ರಗಳು ಸೊರಗುವುದು ಉಪಕರಣ ಕೆಟ್ಟಿದ್ದಕ್ಕಿಂತ ಹೆಚ್ಚಾಗಿ ಲೆಕ್ಕದ ವಹಿ ಸರಿಯಾಗಿ ಇಡದಿದ್ದಕ್ಕೆ.

ಆ ವಹಿಗೆ ಕೆಲವು ಕಟ್ಟುಪಾಡು ಬೇಕು. ತಾರೀಖನ್ನು 2025-06-05 ಎಂದೇ ಬರೆಯಿರಿ. 5/6 ಎಂದರೆ ಜೂನೋ ಮೇಯೋ ಎಂಬ ಗೊಂದಲ ತಪ್ಪುತ್ತದೆ. ಹಕ್ಕಿಗಳನ್ನೂ ಎಣಿಸುವುದಾದರೆ, ಹುಡುಕಿಯೂ ಸಿಗದಿದ್ದರೆ ಸೊನ್ನೆ, ಆ ದಿನ ಯಾರೂ ಹೋಗದಿದ್ದರೆ ಖಾಲಿ, ಎರಡನ್ನೂ ಬೆರೆಸಬೇಡಿ. ಪ್ರತಿ ಅಳತೆಯ ಜೊತೆಗೂ ಮೆಟಾಡೇಟಾ ಇರಲಿ, ಅದು ಅಂಕಿಯ ಜಾತಕವಿದ್ದಂತೆ: ಯಾರು ಅಳೆದರು, ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಉಪಕರಣದಲ್ಲಿ. ಮೂಲ ಹಾಳೆಯನ್ನು ತಿದ್ದಬೇಡಿ, ತಿದ್ದುಪಡಿಯೇನಿದ್ದರೂ ಪ್ರತಿಯಲ್ಲಿ. ಒಂದು ಪ್ರತಿ ಶಾಲೆಯ ಹೊರಗೆಲ್ಲಾದರೂ ಇರಲಿ. ಮೇಷ್ಟರಿಗೆ ವರ್ಗವಾದರೆ ಪಾಸ್‌ವರ್ಡ್ ಯಾರ ಕೈಗೆ ಎಂಬುದನ್ನೂ ಮೊದಲೇ ಬರೆದಿಡಿ.

ಹಕ್ಕಿಗಳ ಎಣಿಕೆಗೆ ಇಬರ್ಡ್, ಗಿಡ, ಕೀಟದ ಫೋಟೋಗಳಿಗೆ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಬಳಸಿ, ಈ ಜಾಲತಾಣಗಳೆಲ್ಲ ಉಚಿತ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಪಟ್ಟಿಯನ್ನು ಅವರ ದಾಖಲಾತಿಗೆ ಕೊಡಿ.

ನೀರು ಕೆಟ್ಟದ್ದು ಕಂಡರೆ ಈ ವಹಿ ಕೋರ್ಟಿನಲ್ಲಿ ನಿಲ್ಲುತ್ತದೆಯೇ? ಇದನ್ನೇ ನೆಚ್ಚಿಕೊಳ್ಳಬೇಡಿ. 1974ರ ಜಲ ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯವರು ಕ್ರಮಬದ್ಧವಾಗಿ ಮಾದರಿ ತೆಗೆಯಬೇಕು. ಅವರನ್ನು ಕರೆಸುವ ಅರ್ಜಿಗೆ ಲಗತ್ತಿಸಲು ಎರಡು ವರ್ಷದ ನಿಮ್ಮ ಅಂಕಿಗಳು ಚೆನ್ನಾಗಿಯೇ ಒದಗುತ್ತವೆ.